ಬಲಗಾಲಿನ ಮೆಟ್ಟು

ಬರದೇ ಇದ್ದರೆ?

ಮೈದುನ ಬಂದರೆ ತಾನು ಬಿಡುಗಡೆಯಾದ ಹೆಂಗಸು. ಬರದಿದ್ದರೆ ಇನ್ನೂ ಸತ್ತ ಗಂಡನ ಮನೆಗೆ ಕಟ್ಟುಬಿದ್ದವಳು. ಇಷ್ಟು ನೇರವಾದ ವಿಷಯ. ಆದರೂ ಎರಡರಲ್ಲಿ ತನಗೆ ಬೇಕಾದದ್ದು ಯಾವುದು ಎಂಬುದು ಎಮುನಾಳಿಗೆ ತಿಳಿಯುತ್ತಿರಲಿಲ್ಲ...

ಬೇರ್‌ಶೆವಾದ ಯಹೂದಿ ಧರ್ಮ ನ್ಯಾಯಾಲಯದ ಓಣಿಯಂಥ ಕಾರಿಡಾರಿನಲ್ಲಿ ಅವಳು ಎಂಟೂವರೆಯಿಂದ ಕೂತಿದ್ದಳು. ಬೆಳಿಗ್ಗೆಯಿಂದ ಹನಿ ನೀರೂ ಬಾಯಿಗೆ ಬಿದ್ದಿರಲಿಲ್ಲ. ಉಪವಾಸ ಬರಬೇಕೆಂದು ಗುಮಾಸ್ತ ಮೊದಲೇ ಹೇಳಿದ್ದ.

ಗಂಡ ಮಕ್ಕಳಿಲ್ಲದೆ ಸತ್ತರೆ ಅವನ ತಮ್ಮ ಬಂದು, ಧರ್ಮಗುರುಗಳಾದ ಮೂವರು ರಬ್ಬಿಗಳ ಎದುರು ‘ಇವಳನ್ನು ಕೈಹಿಡಿಯಲು ನನಗೆ ಇಷ್ಟವಿಲ್ಲ’ ಎನ್ನಬೇಕು. ಅವಳು ಅವನ ಬಲಗಾಲಿನ ಮೆಟ್ಟು ಬಿಚ್ಚಿ ಎಸೆದು, ಅವನ ಮುಂದೆ ನೆಲಕ್ಕೆ ಉಗುಳಬೇಕು. ಅಲ್ಲಿಯವರೆಗೆ ಅವಳಿಗೆ ಇನ್ನೊಂದು ಮದುವೆಯಿಲ್ಲ. ಅದಾದ ಮೇಲೆ ಬೇರೆಯವರ ಕೈ ಹಿಡಿಯಬಹುದು, ಆ ಮೈದುನನದೊಂದನ್ನು ಬಿಟ್ಟು. ಅವನು ಅವಳಿಗೆ ಸಾಯುವ ತನಕ ನಿಷಿದ್ಧ.

ಎರಡು ಸಲ ದಿನ ಗೊತ್ತುಮಾಡಿದ್ದರು. ಎರಡು ಸಲವೂ ಮೈದುನ ಅಸಾಯೇಲ್ ಬರಲಿಲ್ಲ. ಮೊದಲ ಸಲ ಸೈನ್ಯದಿಂದ ಕರೆ ಬಂತು ಎಂದ. ಎರಡನೆಯ ಸಲ ಕಾಲು ಉಳುಕಿದೆ ಎಂದ.

“ಯಾವ ಕಾಲು?” ಎಂದು ಗುಮಾಸ್ತ ಫೋನಿನಲ್ಲಿ ಕೇಳಿದ್ದನಂತೆ.

“ಬಲಗಾಲು.”

ಆಹಾ! ಎಷ್ಟು ಸರಿಯಾಗಿ ನೋಡಿಕೊಂಡು ಉಳುಕಿತ್ತು!

“ಇವತ್ತು ಬರ್ತಾನೆ ಬಿಡೆ,” ಎಂದಳು ಪಕ್ಕದಲ್ಲಿದ್ದ ಅತ್ತೆ ಝೋಹರಾ. “ನಾನೇ ಕೇಳಿದೆ. ‘ಬರ್ತೀನಮ್ಮ’ ಅಂದ.”

“ಹೋದ ಸಲಾನೂ ಹಾಗೇ ಅಂದಿದ್ದ, ಅತ್ತೆ.”

“ಹೋದ ಸಲ ಅವನ ಮುಖ ನೋಡಿರಲಿಲ್ಲ ನಾನು. ಈ ಸಲ ನೋಡಿದೆ.” ಮುದುಕಿ ತಲೆಯ ಬಟ್ಟೆಯನ್ನು ಸರಿಮಾಡಿಕೊಂಡಳು. “ನಮ್ಮ ಮೊರಾಕೊದಲ್ಲಿ ಈ ಉಗುಳೋದು ಗಿಗುಳೋದು ಯಾರಿಗೆ ಬೇಕಿತ್ತು? ನಮ್ಮಜ್ಜಿಗೆ ಗಂಡ ಸತ್ತ. ಮೈದುನ ಬಂದ, ಕರ್ಕೊಂಡು ಹೋದ. ಒಂಬತ್ತು ಮಕ್ಕಳು! ಇಲ್ಲಿಗೆ ಬಂದ ಮೇಲೆ ದೊಡ್ಡ ರಬ್ಬಿಗಳೆಲ್ಲ ಸೇರಿ ಅದನ್ನ ನಿಲ್ಲಿಸಿಬಿಟ್ರು.”

“ಅತ್ತೆ... ದಯವಿಟ್ಟು.”

“ನಾನೇನಂದೆ ಈಗ? ನಮ್ಮಜ್ಜಿ ಕತೆ ಹೇಳಿದೆ, ಕಪಾರಾ, ನನ್ನ ಬಂಗಾರ.”

ಎಮುನಾ ಮುಖ ತಿರುಗಿಸಿದಳು. ಇಪ್ಪತ್ತೇಳು ವರ್ಷ. ಮದುವೆಯಾಗಿ ನಾಲ್ಕು ವರ್ಷ ಸಂಸಾರ, ಎರಡು ವರ್ಷ ಈ ಕಾಯುವಿಕೆ. ಸಂಬಂಧ ಹುಡುಕುವ ಹೆಂಗಸರು ಮನೆಗೆ ಬರುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಕೊನೆಗೆ ಮೆತ್ತಗೆ ಕೇಳುತ್ತಿದ್ದರು: “ಆ ಬಿಡುಗಡೆ ಕಾಗದ ಸಿಕ್ತಾ?”

ಆ ಕಾಗದ ಅಸಾಯೇಲನ ಕೈಯಲ್ಲಿತ್ತು. ಅವನು ತನಗೆ ಏಕೆ ಹೀಗೆ ಮಾಡುತ್ತಿದ್ದಾನೆ? ಒಮ್ಮೆ ಸುಳ್ಳು ಹೇಳಿದ್ದು ಸಾಲದೇ?

ಆ ಸುಳ್ಳನ್ನು ಅವಳು ಮರೆತಿರಲಿಲ್ಲ.

ಅಸಾಯೇಲ್ ಸೈನ್ಯದಲ್ಲಿ ಬಂದೂಕಿನ ಕೆಲಸದವನಲ್ಲ. ಸತ್ತ ಸೈನಿಕರನ್ನು ಗುರುತಿಸಿ, ಶಾಸ್ತ್ರಬದ್ಧವಾಗಿ ಮಣ್ಣಿಗೆ ಸಿದ್ಧಮಾಡುವ ದಳದವನು. ಅವಳ ಗಂಡ ಯಗೇಲ್ ಉತ್ತರದ ಗಡಿಯಲ್ಲಿ ಟ್ಯಾಂಕಿನಲ್ಲಿದ್ದ. ಆ ದಿನ ಬೆಳಿಗ್ಗೆಯಿಂದ ಗಂಡನ ಫೋನ್ ಸಿಗದಿದ್ದಾಗ, ಮಧ್ಯಾಹ್ನ ಹನ್ನೆರಡಕ್ಕೆ ಅವಳು ಕರೆದದ್ದು ಮೈದುನನನ್ನೇ.

“ಅಸಾ, ನಿಮ್ಮಣ್ಣನ ಸುದ್ದಿ ಏನಾದರೂ ಗೊತ್ತಾ?”

“ಇಲ್ಲ ಎಮುನಾ. ಅಲ್ಲಿ ಸಿಗ್ನಲ್ ಇರಲ್ಲ, ಅಷ್ಟೇ.”

ಅವಳು ನಂಬಿದಳು. ಯಗೇಲನ ಅಂಗಿಗಳಿಗೆ ಇಸ್ತ್ರಿ ಹಾಕಿದಳು. ಒಂದು, ಎರಡು, ಐದು ಅಂಗಿ... ನಾಲ್ಕು ಗಂಟೆಗೆ ಬಾಗಿಲು ಬಡಿದ ಸದ್ದು. ಹೊರಗೆ ಸಮವಸ್ತ್ರದ ಮೂವರು ನಿಂತಿದ್ದರು. ಮೂವರು ಒಟ್ಟಿಗೆ ಬಂದರೆ ಏನೆಂದು ಈ ದೇಶದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಏಳು ದಿನದ ಶೋಕದಲ್ಲಿ ನೆಲದ ಮೇಲೆ ಕೂತಿದ್ದಾಗ ಯಾರೋ ಪಿಸುಗುಟ್ಟಿದರು: “ಪಾಪ, ತಮ್ಮನೇ ಗುರುತು ಹಿಡಿದನಂತೆ. ಹನ್ನೆರಡಕ್ಕೇ...”

ಅಂದರೆ ಫೋನಿನಲ್ಲಿ ಮಾತಾಡುವಾಗ ಅವನಿಗೆ ಗೊತ್ತಿತ್ತು! ತಾನು ಸತ್ತವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಅವನಿಗೆ ಗೊತ್ತಿತ್ತು!

ಅಂದಿನಿಂದ ಅವಳು ಅವನೊಡನೆ ಮಾತು ಬಿಟ್ಟಳು. ಆದರೂ ಪ್ರತಿ ಶುಕ್ರವಾರ ಮಧ್ಯಾಹ್ನ, ಸಬ್ಬತ್ ಎಂಬ ವಾರದ ವಿಶ್ರಾಂತಿ ಶುರುವಾಗುವ ಮುಂಚೆ, ಅವಳ ಬಾಗಿಲ ಹೊರಗೆ ಒಂದು ಚೀಲ ತರಕಾರಿ ಇರುತ್ತಿತ್ತು. ಕರೆಗಂಟೆ ಒತ್ತದೆ ಇಟ್ಟುಹೋಗುತ್ತಿದ್ದ. ಕೆಲವು ಸಲ ಅವಳು ಬಾಗಿಲ ಒಳಗೆ ನಿಂತು, ಮೆಟ್ಟಿಲಿಳಿಯುವ ಅವನ ಹೆಜ್ಜೆಗೆ ಕಿವಿಗೊಡುತ್ತಿದ್ದಳು. ಅದು ಸಿಟ್ಟಿನಿಂದಲ್ಲ ಎಂದು ಅವಳಿಗೆ ಗೊತ್ತಾದ ದಿನ ತನ್ನ ಮೇಲೇ ಹೇಸಿಗೆಯಾಗಿತ್ತು.

“ಬಂದ,” ಎಂದಳು ಝೋಹರಾ.

ಕಾರಿಡಾರಿನ ತುದಿಯಲ್ಲಿ ಅಸಾಯೇಲ್. ಸಮವಸ್ತ್ರ ಬದಲಿಸಿರಲಿಲ್ಲ. ತೊಳೆದು ತೊಳೆದು ಒಡೆದ ಕೈಗಳು. ಕುಂಟುತ್ತಿರಲಿಲ್ಲ.

“ಕಾಲು ವಾಸಿಯಾಯ್ತಾ?” ಎಂದಳು ಎಮುನಾ. ಎರಡು ವರ್ಷದಲ್ಲಿ ಅವನಿಗೆ ಹೇಳಿದ ಮೊದಲ ಮಾತು.

“ಆಗದೇ ಇದ್ದಿದ್ದರೆ ಚೆನ್ನಾಗಿತ್ತು,” ಎಂದ ಅವನು, ಅವಳ ಮುಖ ನೋಡದೆ.

ಒಳಗೆ ಕರೆದರು.

ಮೇಜಿನ ಹಿಂದೆ ಮೂವರು ರಬ್ಬಿಗಳು, ಪಕ್ಕದ ಬೆಂಚಿನಲ್ಲಿ ಇಬ್ಬರು ಸಾಕ್ಷಿಗಳು. ನಡುವಿನ ರಬ್ಬಿಗೆ ಬಿಳಿಗಡ್ಡ, ಜೋರು ನೆಗಡಿ. ಅವರು ಕಡತ ತಿರುವಿ, ಕನ್ನಡಕದ ಮೇಲಿಂದ ಅಸಾಯೇಲನನ್ನು ನೋಡಿದರು.

“ನೋಡಪ್ಪಾ, ಇದನ್ನ ನೀನು ಪೂರ್ತಿ ಮನಸ್ಸಿನಿಂದ ಮಾಡಬೇಕು. ಒತ್ತಾಯಕ್ಕೆ ಮಾಡಿದ್ದು ನಡೆಯಲ್ಲ. ಅದಕ್ಕೇ ಕೇಳ್ತಿದೀನಿ. ಮೂರು ಸಲ ಬಂದಿದ್ದೆ ನೀನು ನನ್ನ ಹತ್ರ. ಮೂರು ಸಲವೂ ಒಂದೇ ಪ್ರಶ್ನೆ. ಹಿಂದಿನವರ ಹಾಗೆ ಅತ್ತಿಗೆಯನ್ನೇ ಮದುವೆಯಾಗೋಕೆ ದಾರಿ ಇದೆಯಾ ಅಂತ. ಇಲ್ಲ ಅಂದೆ. ಈಗ ಆ ಆಸೆ ಬಿಟ್ಟಿದೀಯಾ?”

ಸಾಕ್ಷಿಗಳಿಬ್ಬರೂ ತಲೆ ಎತ್ತಿ ನೋಡಿದರು.

ಎಮುನಾ ಅಸಾಯೇಲನತ್ತ ತಿರುಗಿದಳು. ಮೂರು ಸಲ? ಯಾರು? ಯಾರನ್ನು?

ಅಸಾಯೇಲನ ಕುತ್ತಿಗೆ ಕೆಂಪಾಗಿತ್ತು. “ರಬ್ಬಿ, ಅದನ್ನ ಇವಳ ಮುಂದೆ...”

“ಇವಳ ಮುಂದೆಯೇ ಕೇಳಬೇಕು. ಬಿಡುಗಡೆ ಆಗೋದು ಇಬ್ಬರಿಗೂ.” ರಬ್ಬಿ ಮೂಗು ಒರೆಸಿಕೊಂಡರು. “ಹೋಗು, ಕಾಲು ತೊಳ್ಕೊಂಡು ಬಾ. ಹತ್ತು ನಿಮಿಷ. ಆಮೇಲೆ ಉತ್ತರ ಹೇಳು.”

ಕೈತೊಳೆಯುವ ನಲ್ಲಿ ಕಾರಿಡಾರಿನ ಮೂಲೆಯಲ್ಲಿತ್ತು. ಅವನು ಪ್ಯಾಂಟು ಮಡಚಿ, ಬಲಗಾಲನ್ನು ತಣ್ಣೀರಿಗೆ ಒಡ್ಡಿ ಕೂತಿದ್ದ. ಎಮುನಾ ಎರಡು ಮಾರು ದೂರದಲ್ಲಿ ಬಂದು ನಿಂತಳು.

“ನನ್ನನ್ನ ಯಾಕೆ ಕೇಳಲಿಲ್ಲ?”

“ಏನಂತ ಕೇಳಲಿ? ನೀನು ನನ್ನ ಜೊತೆ ಮಾತಾಡ್ತಾನೇ ಇರಲಿಲ್ಲ.”

“ಯಾಕೆ ಮಾತಾಡಲಿ? ಸುಳ್ಳು ಹೇಳಿದೆ ನೀನು! ನಾಲ್ಕು ಗಂಟೆ ಕಾಲ ನಾನಿನ್ನೂ ಯಗೇಲನ ಹೆಂಡತಿ ಅಂತ ನಂಬಿಸಿದೆ. ಆಗಲೇ ವಿಧವೆಯಾಗಿದ್ದೆ ನಾನು!”

ನೀರು ಸುರಿಯುತ್ತಲೇ ಇತ್ತು.

“ಆ ಮೂವರು ಬಂದು ಹೇಳೋವರೆಗೆ ನಾವು ಬಾಯಿ ಬಿಡೋ ಹಾಗಿಲ್ಲ,” ಎಂದ ಅಸಾಯೇಲ್ ನಿಧಾನವಾಗಿ. “ಗುರುತು ತಪ್ಪಾಗಿದ್ದರೆ? ಒಮ್ಮೆ ಹಾಗಾಗಿ ಯಾರೂ ಸಾಯದ ಮನೆಯಲ್ಲಿ ಶೋಕಕ್ಕೆ ಬಟ್ಟೆ ಹರ್ಕೊಂಡು ಅತ್ತಿದ್ರು. ಅದಕ್ಕೇ ಆ ನಿಯಮ. ಆ ದಿನ ‘ಬೇರೆಯವರನ್ನ ಕಳಿಸ್ತೀನಿ, ನೀನು ಹೊರಗೆ ಹೋಗು’ ಅಂದ್ರು ಆಫೀಸರ್. ನಾನು ಹೋಗಲಿಲ್ಲ. ಯಗೇಲನ್ನ ಒಬ್ಬನೇ ಬಿಡೋದಾ? ನಿನ್ನ ಫೋನ್ ಬಂದಾಗ ಅವನ ಪಕ್ಕದಲ್ಲೇ ಇದ್ದೆ, ಎಮುನಾ. ಒಂದು ಕೈಯಲ್ಲಿ ಫೋನ್. ಇನ್ನೊಂದು ಕೈ ಅವನ ಭುಜದ ಮೇಲೆ.”

ಅವಳು ಗೋಡೆಗೆ ಒರಗಿದಳು. ಎರಡು ವರ್ಷ ಅವಳು ಆ ನಾಲ್ಕು ಗಂಟೆಗಳನ್ನು ತನ್ನ ಕಡೆಯಿಂದ ಮಾತ್ರ ನೋಡಿದ್ದಳು. ಇಸ್ತ್ರಿಪೆಟ್ಟಿಗೆಯ ಕಡೆಯಿಂದ. ಫೋನಿನ ಆಚೆ ತುದಿಯಲ್ಲೂ ಒಬ್ಬ ಮನುಷ್ಯ ನಿಂತಿದ್ದ ಎಂದು ಹೊಳೆದೇ ಇರಲಿಲ್ಲ.

“ಇವತ್ತು ಒಳಗೆ ಹೋಗದೇ ಇದ್ದರೆ?” ಅವಳ ದನಿ ಅವಳಿಗೇ ಕೇಳಿಸಲಿಲ್ಲ. “ಸೈಪ್ರಸ್‌ಗೆ ಹೋಗಿ ಎಷ್ಟು ಜನ ಮದುವೆ ಮಾಡ್ಕೊಂಡು ಬರ್ತಾರೆ... ಯಾವ ರಬ್ಬಿಯನ್ನೂ ಕೇಳದೆ.”

ಅಸಾಯೇಲ್ ಮೊದಲ ಸಲ ಅವಳ ಮುಖ ನೋಡಿದ. ಒಂದು ಕ್ಷಣ ಆ ಕಣ್ಣುಗಳಲ್ಲಿ ಏನೋ ಹತ್ತಿಕೊಂಡಿತು.

“ನಾನು ದಿನಾ ಸತ್ತವರನ್ನ ಶಾಸ್ತ್ರದ ಪ್ರಕಾರ ಕಳಿಸೋನು,” ಎಂದ ಅವನು. “ಅವರ ಅಮ್ಮಂದಿರು ನನ್ನ ಕೈ ನಂಬ್ತಾರೆ. ಅದೇ ಶಾಸ್ತ್ರ ನನ್ನ ವಿಷಯಕ್ಕೆ ಬಂದಾಗ ಬೇಡ ಅನ್ನಲಾ? ನೀನು ಹೇಳು. ನೀನಾದ್ರೂ ಬದುಕ್ತೀಯಾ ಹಾಗೆ? ಶುಕ್ರವಾರ ಸಬ್ಬತ್ತಿನ ದೀಪ ಹಚ್ಚೋವಾಗ ಕೈ ನಡುಗಲ್ವಾ?”

ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ನಡುಗುತ್ತೆ,” ಎಂದಳು.

“ಎರಡು ವರ್ಷ ನಿನ್ನ ಬದುಕನ್ನ ಹಿಡಿದಿಟ್ಕೊಂಡಿದ್ದೆ. ದಾರಿ ಸಿಗುತ್ತೆ ಅಂತ. ಅದು ನನ್ನ ತಪ್ಪು. ಕ್ಷಮಿಸು.” ಅವನು ನಲ್ಲಿ ನಿಲ್ಲಿಸಿದ. “ಬಾ. ಕಾಯ್ತಿದಾರೆ.”

ಗುಮಾಸ್ತ ತಂದ ಮೆಟ್ಟು ಹಳೆಯದು, ದಪ್ಪ ಚರ್ಮದ್ದು. ಉದ್ದ ಪಟ್ಟಿಗಳನ್ನು ಮೊಣಕಾಲ ಕೆಳಗೆ ಸುತ್ತಿ ಕಟ್ಟುವಂಥದು. ಎಷ್ಟು ಅಣ್ಣಂದಿರು ಸತ್ತ ಮೇಲೆ ಎಷ್ಟು ತಮ್ಮಂದಿರು ಇದನ್ನು ತೊಟ್ಟಿದ್ದರೋ! ಅಸಾಯೇಲ್ ಅದನ್ನು ಬಲಗಾಲಿಗೆ ತೊಟ್ಟು, ನಾಲ್ಕು ಹೆಜ್ಜೆ ನಡೆದು ತೋರಿಸಿ, ಗೋಡೆಗೆ ಬೆನ್ನು ಕೊಟ್ಟು ನಿಂತ.

“ಮನಸ್ಸು ಪೂರ್ತಿ ಇದೆಯಾ?” ರಬ್ಬಿ ಕೇಳಿದರು.

“ಇದೆ.”

ಎಮುನಾ ತನ್ನ ಮಾತನ್ನು ರಬ್ಬಿ ಹೇಳಿಕೊಟ್ಟಂತೆ ಹೇಳಿದಳು. “ನನ್ನ ಮೈದುನ ಅಣ್ಣನ ಹೆಸರು ಉಳಿಸಲು ಒಪ್ಪುತ್ತಿಲ್ಲ...”

ಈಗ ಅವನ ಸರದಿ.

ತುಟಿ ಅಲುಗಿತು. ಸದ್ದು ಬರಲಿಲ್ಲ.

“ನಮಗೆ ಕೇಳಬೇಕಪ್ಪಾ,” ಎಂದರು ರಬ್ಬಿ.

“ಇವಳನ್ನು ಕೈಹಿಡಿಯಲು...” ಅಲ್ಲಿಗೆ ನಿಂತ. ಮೂಲೆಯಲ್ಲಿ ಝೋಹರಾ ಬಾಯಿಗೆ ಸೆರಗಿನಂತೆ ತಲೆಬಟ್ಟೆಯ ಅಂಚನ್ನು ಒತ್ತಿ ಹಿಡಿದಿದ್ದಳು. “ಇವಳನ್ನು ಕೈಹಿಡಿಯಲು ನನಗೆ ಇಷ್ಟವಿಲ್ಲ.”

ಈ ಸಲ ಎಲ್ಲರಿಗೂ ಕೇಳಿಸಿತು.

ಅವಳು ಮಂಡಿಯೂರಿದಳು. ಎಡಗೈಯಲ್ಲಿ ಅವನ ಕಾಲು ಎತ್ತಿ ಹಿಡಿಯಬೇಕು, ಬಲಗೈ ಒಂದರಲ್ಲೇ ಗಂಟು ಬಿಚ್ಚಬೇಕು. ಆರು ವರ್ಷ ಒಂದೇ ಮನೆತನದವರಾಗಿಯೂ ಅವರು ಒಮ್ಮೆಯೂ ಕೈ ಕುಲುಕಿದವರಲ್ಲ. ಅವನನ್ನು ಮುಟ್ಟಿದ್ದು ಇದೇ ಮೊದಲು. ಇದೇ ಕೊನೆ. ತೊಳೆದ ಕಾಲು ಇನ್ನೂ ತಣ್ಣಗಿತ್ತು. ಗಂಟು ಬಿಗಿಯಾಗಿತ್ತು, ಅವಳ ಬೆರಳು ಜಾರಿತು.

ಬಿಚ್ಚದಿರಲಿ, ಬಿಚ್ಚದಿರಲಿ...

ಬಿಚ್ಚಿತು. ಅವಳು ಮೆಟ್ಟನ್ನು ಎಳೆದು ದೂರ ಎಸೆದಳು. ಅದು ಮೇಜಿನ ಕಾಲಿಗೆ ತಾಗಿ ಬಿತ್ತು.

“ಈಗ ಉಗುಳು, ಮಗಳೇ. ನಮ್ಮ ಕಣ್ಣಿಗೆ ಕಾಣಬೇಕು.”

ಅವಳು ಪ್ರಯತ್ನಿಸಿದಳು. ಬಾಯಿ ಒಣಗಿ ಹೋಗಿತ್ತು. ಮತ್ತೆ ಪ್ರಯತ್ನಿಸಿದಳು. ಏನೂ ಇಲ್ಲ. ನೆಲದ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. ಮೂವರು ರಬ್ಬಿಗಳೂ ಮುಂದೆ ಬಗ್ಗಿದರು.

“ಅದು ಕಣ್ಣೀರು,” ಎಂದರು ನಡುವಿನವರು ಮೆಲ್ಲಗೆ. “ಅದು ಆಗಲ್ಲ ಮಗಳೇ.”

ಆಗ ಅವಳ ತಲೆಯ ಮೇಲೆ, ಅವಳಿಗೆ ಮಾತ್ರ ಕೇಳುವಷ್ಟು ಸಣ್ಣ ದನಿ.

“ನಿಂಬೆಹಣ್ಣು ನೆನೆಸ್ಕೋ. ಅಮ್ಮ ಮಾಡೋ ಉಪ್ಪು ನಿಂಬೆ. ಜಾಡಿಯಿಂದ ಈಗ ತೆಗೆದಿದ್ದು.”

ಅವಳಿಗೆ ನಗು ಉಕ್ಕಿತು. ಅಯ್ಯೋ, ಇಂಥ ಹೊತ್ತಿನಲ್ಲಿ! ನಗುವಿನ ಜೊತೆಗೇ ಬಾಯಲ್ಲಿ ನೀರೂರಿತು. ಇವನು ತನ್ನ ಮುಂದೆ ತಾನೇ ಉಗುಳಿಸಿಕೊಳ್ಳಲು ಸಹಾಯ ಮಾಡುತ್ತಿದ್ದಾನೆ!

ಅವಳು ಉಗುಳಿದಳು.

“ಅಣ್ಣನ ಮನೆ ಕಟ್ಟದವನಿಗೆ ಹೀಗೇ ಆಗಲಿ,” ಎಂದಳು.

“ಮೆಟ್ಟು ಕಳಚಿಸಿಕೊಂಡವನು!” ಎಂದು ಕೋಣೆಯಲ್ಲಿದ್ದವರು ಒಟ್ಟಿಗೆ ಮೂರು ಸಲ ಕೂಗಿದರು.

ಮುಗಿಯಿತು.

ಕಾಗದ ಸಿದ್ಧವಾಗುವಾಗ ಮಧ್ಯಾಹ್ನ ದಾಟಿತ್ತು. ಝೋಹರಾ ಬಸ್ಸು ನೋಡಲು ಮುಂದೆ ಹೋಗಿದ್ದಳು. ಹೊರಗಿನ ಮೆಟ್ಟಿಲ ಮೇಲೆ ಅಸಾಯೇಲ್ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಬಿಸಿಲು ಮರಳಿನ ಬಣ್ಣಕ್ಕೆ ತಿರುಗಿತ್ತು.

“ಮತ್ತೆ ಉತ್ತರಕ್ಕಾ?” ಎಂದಳು ಎಮುನಾ.

“ಹೂಂ. ನಾಲ್ಕಕ್ಕೆ ಗಾಡಿ ಬರುತ್ತೆ.”

“ಹುಷಾರು.”

“ನಮಗೇನು? ಎಲ್ಲಾ ಮುಗಿದ ಮೇಲೆ ಹೋಗೋರು ನಾವು.” ಅವನು ನಗಲು ನೋಡಿದ. “ಎಮುನಾ, ಒಳ್ಳೆಯವನನ್ನ ನೋಡು. ಗಟ್ಟಿ ದನಿಯಲ್ಲಿ ಮಾತಾಡೋನನ್ನ. ನಮ್ಮ ಮನೆಯವರ ಹಾಗೆ ಎಲ್ಲಾ ಒಳಗಿಟ್ಕೊಳ್ಳೋನು ಬೇಡ.”

“ನೀನು?”

“ನನಗೆ ಕೆಲಸ ಇದೆ.”

ಅವಳು ಕೈಯಲ್ಲಿದ್ದ ಕಾಗದವನ್ನು ನೋಡಿದಳು. “ಅಸಾ, ಒಳಗೆ ‘ಇಷ್ಟವಿಲ್ಲ’ ಅಂದೆಯಲ್ಲ, ಆ ಮಾತು...”

ಅವನು ಎದ್ದು ನಿಂತ. ಅವಳು ಕಾದಳು. ಬೀದಿಯಲ್ಲಿ ಬಸ್ಸೊಂದು ಬಂದು ನಿಂತಿತು, ಝೋಹರಾ ಕೈಬೀಸಿ ಕರೆದಳು.

“ನಿನ್ನ ಬಸ್ಸು ಬಂತು,” ಎಂದ ಅಸಾಯೇಲ್.

ಒಳಗೆ ಹೇಳಿದ್ದು ಸುಳ್ಳು ಎಂದು ಅವನು ಅಂದೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ.