ಗೋಂದು ಕೇಳದ ಹುಡುಗ

"ಟವಲ್ ಮೇಲೆ ಕೂತಿದ್ದೀಯಲ್ಲಮ್ಮ."

ಮುನಿರತ್ನ ತಲೆಯೆತ್ತಿ ನೋಡಿದಳು. ಸೂಳಗಿರಿಗೆ ಬಂದ ಹೊಸೂರು ಬಸ್ಸು ಸರಿಯಾಗಿ ನಿಲ್ಲುವ ಮೊದಲೇ ಜನ ನುಗ್ಗಿದ್ದರು. ಆ ನೂಕುನುಗ್ಗಲಿನಲ್ಲಿ ಹೇಗೋ ಕಿಟಕಿ ಪಕ್ಕದ ಸೀಟು ಹಿಡಿದು ಕೂತಿದ್ದಳು. ಎದುರಿಗೆ ಖಾಕಿ ಪ್ಯಾಂಟಿನ ಹುಡುಗನೊಬ್ಬ ಟಿಫನ್ ಕ್ಯಾರಿಯರ್ ಹಿಡಿದು ನಿಂತಿದ್ದ.

"ಯಾವ ಟವಲು?"

"ಸೀಟು ಹಿಡಿಯಾಕೆ ಅಂತ ಕಿಟಕೀಲಿ ಹಾಕಿದ್ನಲ್ಲ, ಆ ಟವಲು."

ಕೆಳಗೆ ನೋಡಿದರೆ ನಿಜವಾಗಿಯೂ ಕೆಂಪಂಚಿನ ಟವಲು! ಬೇರೆ ಹುಡುಗಿಯಾಗಿದ್ದರೆ ಎದ್ದು ಜಾಗ ಬಿಡುತ್ತಿದ್ದಳೋ ಏನೋ. ಮುನಿರತ್ನ ಆ ಪೈಕಿ ಅಲ್ಲ.

"ಟವಲು ಬೇಕಾದ್ರೆ ತಗೊಳ್ಳಿ. ಸೀಟು ಮಾತ್ರ ಕೊಡಾಕಿಲ್ಲ."

"ನೀನು ಎದ್ರೆ ತಾನೆ ತಗೊಳ್ಳೋದು?" ಅವನು ನಕ್ಕುಬಿಟ್ಟ. "ಇರ್ಲಿ ಬಿಡು. ಆ ಟವಲಿಗಾದ್ರೂ ಕೂತ್ಕಂಡು ಹೋಗೋ ಯೋಗ ಬರ್ಲಿ."

ಹೊಸೂರಿನವರೆಗೂ ಅವನು ಕಂಬಿ ಹಿಡಿದು ನಿಂತೇ ಬಂದ. ಬಸ್ಸು ಕುಲುಕಿದಾಗೆಲ್ಲ ಕಣ್ಣು ಕಣ್ಣು ಸೇರಿತು. ಅವಳು ಕಿಟಕಿಯಾಚೆ ನೋಡಿದಳು, ಆದರೆ ಒಂದು ಮರವೂ ಕಣ್ಣಿಗೆ ಬೀಳಲಿಲ್ಲ. ಇಳಿಯುವಾಗ ಟವಲನ್ನು ಮಡಚಿ ಕೈಗೆ ಕೊಟ್ಟಳು. ನಡೆದದ್ದು ಇಷ್ಟೇ. ಇಷ್ಟಕ್ಕೇ ಅವತ್ತು ಟೈಪಿಂಗ್ ಕ್ಲಾಸಿನಲ್ಲಿ ಅವಳ ಬೆರಳುಗಳು ಸಿಕ್ಕ ಸಿಕ್ಕ ಕೀಲಿಗಳ ಮೇಲೆ ಓಡಾಡಿದವು.

ಅದು ಸಾವಿರದ ಒಂಬೈನೂರ ಎಂಬತ್ತನಾಲ್ಕರ ಡಿಸೆಂಬರ್ ಮೊದಲ ವಾರ. ಹೊಸೂರಿನ ಸುತ್ತ ಒಂದೊಂದೇ ಫ್ಯಾಕ್ಟರಿ ಏಳುತ್ತಿದ್ದ ಕಾಲ. ಕೆಲಸ ಬೇಕೆಂದರೆ ಸಾಹೇಬರ ಮುಂದೆ ನಾಲ್ಕು ಮಾತು ಇಂಗ್ಲಿಷ್ ಆಡಬೇಕಿತ್ತು. ಹಾಗಾಗಿ ಮುನಿರತ್ನ ತನ್ನ ಗೆಳತಿ ಭಾಗ್ಯಳ ಜೊತೆ ಸಂಜೆ ಹೊತ್ತು ಹೊಸೂರಿನಲ್ಲೇ ಫಿಲೋಮಿನಾ ಟೀಚರ್ ಮನೆಗೆ ಇಂಗ್ಲಿಷ್ ಕಲಿಯಲು ಹೋಗುತ್ತಿದ್ದಳು.

ಟೀಚರ್ ರಿಟೈರ್ ಆದವರು, ಮನೆಮಾತು ತಮಿಳು, ಮಕ್ಕಳನ್ನೆಲ್ಲ ಮುದ್ದಿಗೆ 'ಕಣ್ಣು' ಎಂದು ಕರೆಯುವವರು. ಡಿಸೆಂಬರ್ ಬಂತೆಂದರೆ ಅವರು ಪುಸ್ತಕ ಮುಚ್ಚಿಬಿಡುತ್ತಿದ್ದರು. ಬಿದಿರುಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಮಾಡುವುದು, ಮೈದಾ ಹಿಟ್ಟನ್ನು ಬಾಚಣಿಗೆಯ ಮೇಲೆ ಉರುಳಿಸಿ ಕಲ್‌ಕಲ ಎಂಬ ಸಿಹಿತಿಂಡಿ ಮಾಡುವುದು, ಬಾಲ ಯೇಸುವಿಗೆ ಹಲಗೆಯಿಂದ ಪುಟ್ಟ ಕೊಟ್ಟಿಗೆಯಂಥ ಗೋದಲಿ ಕಟ್ಟುವುದು... ಇದೇ ಪಾಠ. ಕೈ ಕೆಲಸ ಮಾಡುತ್ತಿರಬೇಕು, ಬಾಯಿ ಇಂಗ್ಲಿಷ್ ಆಡುತ್ತಿರಬೇಕು.

ಅದಕ್ಕೊಂದು ನಿಯಮವೂ ಇತ್ತು. "ನಮ್ಮ ಚರ್ಚಲ್ಲಿ ಎಲ್ಲಾರೂ ಅಣ್ಣ ತಂಗಿ, ಕಣ್ಣು. ಇಲ್ಲೂ ಹಂಗೇ. ಯಾರನ್ನ ಏನು ಕೇಳಿದ್ರೂ ಬ್ರದರ್ ಅನ್ನಬೇಕು, ಸಿಸ್ಟರ್ ಅನ್ನಬೇಕು."

ಅವತ್ತು ಸಂಜೆ ಜಗಲಿಗೆ ಬಂದ ಮುನಿರತ್ನ ಇಟ್ಟ ಕಾಲನ್ನು ಹಿಂದೆಗೆದಳು. ಮೂಲೆಯಲ್ಲಿ ಅವನೇ ಕೂತಿದ್ದ. ಹೆಸರು ರಾಮಾಂಜಿ, ಫ್ಯಾಕ್ಟರಿಯಲ್ಲಿ ಅಪ್ರೆಂಟಿಸ್, ಹೊಸದಾಗಿ ಸೇರಿದ್ದಾನೆ ಎಂದು ಟೀಚರ್ ಪರಿಚಯಿಸಿದರು. ಅವನ ತುಟಿಯಂಚಿನಲ್ಲಿ ಬೆಳಗಿನ ನಗು ಇನ್ನೂ ಹಾಗೇ ಇತ್ತು.

ಟೀಚರ್ ಇಬ್ಬರನ್ನೂ ಎದುರು ಬದುರು ಕೂರಿಸಿದರು. ನಡುವೆ ಮೈದಾ ಕಾಸಿ ಮಾಡಿದ ಗೋಂದಿನ ಬಟ್ಟಲು.

"ರಾಮಾಂಜಿ, ಗೋಂದು ಕೇಳು. ಪ್ಲೀಸ್ ಗಿವ್ ಮಿ ದಿ ಗಮ್, ಸಿಸ್ಟರ್. ಹೇಳು."

ಅವನ ಮುಖದಿಂದ ನಗು ಮಾಯವಾಯಿತು. ಬಟ್ಟಲನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಎದ್ದು ನಿಂತ.

"ಈ ಹುಡುಗಿ ಜೊತೆ ಆಗಲ್ಲ ಟೀಚರ್. ಬೇರೆ ಯಾರನ್ನಾದ್ರೂ ಕೂರಿಸಿ."

ಜಗಲಿಯ ತುಂಬ ನಗು ಎದ್ದಿತು. ಮುನಿರತ್ನ ನಗಲಿಲ್ಲ. ಕೈಯಲ್ಲಿದ್ದ ನಕ್ಷತ್ರದ ಕಾಗದ ಮುದ್ದೆಯಾಗಿತ್ತು. ಸೀಟಿನ ಸಿಟ್ಟು ಹೀಗೆ ತೀರಿಸಿಕೊಂಡನೇ? ಅಥವಾ ನನ್ನಂಥ ಹಳ್ಳಿಯವಳ ಜೊತೆ ಇಂಗ್ಲಿಷ್ ಆಡಿದರೆ ಇವನ ಮರ್ಯಾದೆ ಹೋಗುತ್ತದೆಯೇ?

ಅಲ್ಲಿಂದ ಶುರುವಾಯಿತು ಅವಳ ಸಂಕಟ.

ಅವನು ಎಲ್ಲರ ಜೊತೆಯೂ ಮಾತಾಡುತ್ತಿದ್ದ. "ಥ್ಯಾಂಕ್ಯೂ ಸಿಸ್ಟರ್, ಕಮ್ ಹಿಯರ್ ಸಿಸ್ಟರ್" ಎಂದು ಭಾಗ್ಯಳನ್ನು ಬಾಯಿ ತುಂಬ ಕರೆಯುತ್ತಿದ್ದ. ಮುನಿರತ್ನ ಎದುರಾದರೆ ಮಾತ್ರ ಬಾಯಿಗೆ ಬೀಗ. ಅವಳೇ ಧೈರ್ಯ ಮಾಡಿ, "ಪ್ಲೀಸ್ ಗಿವ್ ಮಿ ದಿ ಥ್ರೆಡ್, ಬ್ರ..." ಎನ್ನುವಷ್ಟರಲ್ಲಿ ಜೋರಾಗಿ ಕೆಮ್ಮುತ್ತಿದ್ದ. ಇಲ್ಲವೇ ಸುತ್ತಿಗೆ ತೆಗೆದು ಗೋದಲಿಯ ಹಲಗೆಗೆ ಬೇಡದ ಮೊಳೆ ಹೊಡೆಯುತ್ತಿದ್ದ. ಆ ಗೋದಲಿಗೆ ಬಿದ್ದಷ್ಟು ಮೊಳೆ ಊರಿನ ಯಾವ ಬಾಗಿಲಿಗೂ ಬಿದ್ದಿರಲಿಕ್ಕಿಲ್ಲ.

ಅಷ್ಟು ದ್ವೇಷವಿದ್ದವನು ಬೆಳಗ್ಗೆ ಮಾಡುತ್ತಿದ್ದದ್ದೇನು? ಸೂಳಗಿರಿಯಲ್ಲಿ ಬಸ್ಸು ಬಂದೊಡನೆ ಕಿಟಕಿಯೊಳಗೆ ಕೆಂಪಂಚಿನ ಟವಲು ಎಸೆಯುತ್ತಿದ್ದ. ಎಸೆದು, ತಾನು ಮಾತ್ರ ಫುಟ್‌ಬೋರ್ಡಿನ ಮೇಲೆ ನಿಂತುಬಿಡುತ್ತಿದ್ದ. ಟವಲಿನ ಮೇಲೆ ಯಾರಾದರೂ ಕೂರಲು ಬಂದರೆ, "ಅಲ್ಲಿ ಆಳೈತೆ" ಎಂದು ಅಲ್ಲಿಂದಲೇ ಕೂಗುತ್ತಿದ್ದ. ಅವಳು ಬಂದು ಕೂತರೆ ಮಾತಿಲ್ಲ, ತಿರುಗಿಯೂ ನೋಡುವುದಿಲ್ಲ.

ಇವನೇನು ಮನುಷ್ಯನೋ, ಒಗಟೋ? ಮುನಿರತ್ನಳಿಗೆ ಊಟ ಸೇರದಾಯಿತು. ಮುದ್ದೆ ತಟ್ಟೆಯಲ್ಲೇ ತಣ್ಣಗಾಗುತ್ತಿತ್ತು.

ಅಂಥ ಹೊತ್ತಿನಲ್ಲೇ ಅಪ್ಪ ಚಿನ್ನಪ್ಪ ಹೊಲದಿಂದ ಬಂದವನು ಕಾಲು ತೊಳೆಯುತ್ತಾ ಹೇಳಿದ. "ಕ್ರಿಸ್ಮಸ್ಸಿನ ಮಾರನೇ ದಿನ ಜವಳಗಿರಿಯೋರು ನಿನ್ನ ನೋಡಾಕೆ ಬತ್ತಾರೆ. ಕ್ಲಾಸು ಪಾಸು ಅಂತ ಎಲ್ಲೂ ಹೋಗ್ಬುಡಬೇಡ."

"ಕೆಲಸ ಸಿಕ್ಕೋ ತನಕ ಬ್ಯಾಡ ಅಂದಿದ್ನಲ್ಲಪ್ಪ."

"ಒಳ್ಳೆ ಜನ ಕಣಮ್ಮಿ. ಬ್ಯಾಡ ಅನ್ನಾಕೆ ಒಂದು ಕಾರಣ ಬೇಕಲ್ಲ?"

ಕಾರಣ... ಅವಳಲ್ಲಿ ಇದ್ದ ಕಾರಣ ಒಂದೇ. ಅದು ಅವಳ ಮುಂದೆ ಬಾಯಿಯನ್ನೇ ಬಿಡುತ್ತಿರಲಿಲ್ಲ. ಅವನನ್ನು ಬಯಸಿದ್ದೇನೆ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾದದ್ದು ಆ ಗಳಿಗೆಯಲ್ಲೇ. ಗೊತ್ತಾಗಿ ಅಳು ಬಂತು. ನನ್ನನ್ನು ಕಂಡರಾಗದವನಿಗೆ ನನ್ನ ಮನಸ್ಸು ಯಾಕೆ ಹೀಗೆ ಅಂಟಿಕೊಂಡಿತು?

ಗೋದಲಿಯ ಮುಂದೆ ಹುಲ್ಲುಗಾವಲಿನಂತೆ ಕಾಣಲೆಂದು ಟೀಚರ್ ಮಣ್ಣಿನ ತಟ್ಟೆಗಳಲ್ಲಿ ರಾಗಿ ಚೆಲ್ಲಿಸಿದ್ದರು. ನೀರು ಹಾಕುವ ಕೆಲಸ ಅವರಿಬ್ಬರ ಪಾಲಿಗೆ ಬಂದಿತ್ತು. ಅವನು ಬಾವಿಯಿಂದ ನೀರು ಸೇದಿ ತಂದಿಡುತ್ತಿದ್ದ, ಅವಳು ಚಿಮುಕಿಸುತ್ತಿದ್ದಳು. ಪೈರು ಎರಡು ಬೆರಳು ಎದ್ದಿತ್ತು. ಆ ಸಂಜೆ ಅವಳಿಗೆ ತಡೆಯಲಾಗಲಿಲ್ಲ.

"ನನ್ನ ಇಂಗ್ಲಿಷು ಅಷ್ಟು ಕೆಟ್ಟದಾಗೈತಾ?" ಕನ್ನಡದಲ್ಲೇ ಕೇಳಿದಳು.

"ಇಲ್ಲ."

"ನಾನೇನು ಮಾಡಿದ್ದೀನಿ ನಿಮಗೆ? ಎಲ್ಲರ ಜೊತೆ ಆಡ್ತೀರ, ನನ್ನ ಕಂಡ್ರೆ ಮೂಗ ಆಗ್ತೀರ."

ಅವನು ಬಿಂದಿಗೆ ಕೆಳಗಿಟ್ಟ. "ಅದು... ಹೇಳಾಕಾಗಲ್ಲ."

"ಹೇಳಬ್ಯಾಡಿ. ಕ್ರಿಸ್ಮಸ್ ಆದ್ಮೇಲೆ ನಾನು ಇಲ್ಲಿಗೆ ಬರಾಕಿಲ್ಲ. ಜವಳಗಿರಿಯಿಂದ ನನ್ನ ನೋಡಾಕೆ ಬತ್ತಾವ್ರೆ. ನಿಮಗೆ ನೆಮ್ಮದಿ ಆಗುತ್ತೆ."

ಅವನ ಮುಖ ಬಿಳಿಚಿಕೊಂಡಿದ್ದನ್ನು ನೋಡಲು ಅವಳು ಅಲ್ಲಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಆಗಲೇ ಗೇಟು ದಾಟಿದ್ದಳು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ, ಗೋದಲಿಯನ್ನು ಸಾಗಿಸಿದ್ದ ಚರ್ಚಿನ ಅಂಗಳದಲ್ಲಿ ಕಾರ್ಯಕ್ರಮ. ಕ್ಲಾಸಿನವರ ಮನೆಮಂದಿಯೆಲ್ಲ ಬಂದಿದ್ದರು. ಚಿನ್ನಪ್ಪನೂ ಬಿಳಿ ಪಂಚೆ ಉಟ್ಟು ಬಂದು ಹಿಂದೆ ಕೂತಿದ್ದ. ಜೋಡಿ ಜೋಡಿಯಾಗಿ ಬಂದು ಗೋದಲಿಗೆ ಒಂದೊಂದು ವಸ್ತು ಇಡಬೇಕು, ಒಂದೊಂದು ಇಂಗ್ಲಿಷ್ ಮಾತು ಆಡಬೇಕು. ನಕ್ಷತ್ರ ಏರಿತು. ಮಣ್ಣಿನ ಕುರಿಗಳು ಬಂದವು.

ಕೊನೆಗೆ ರಾಗಿ ಪೈರು.

ಮುನಿರತ್ನ ತಟ್ಟೆ ಹಿಡಿದು ನಿಂತಳು. ಎದುರಿಗೆ ರಾಮಾಂಜಿ. "ಪ್ಲೀಸ್ ಗಿವ್ ಮಿ ದಿ ಗ್ರಾಸ್, ಸಿಸ್ಟರ್" ಎಂದು ಅವನು ಕೇಳಬೇಕಿತ್ತು.

ಅವನು ಕೇಳಲಿಲ್ಲ.

ಟೀಚರ್ ಪಕ್ಕದಿಂದ ಮಾತು ಹೇಳಿಕೊಟ್ಟರು. ಅವನ ಹಣೆಯಲ್ಲಿ ಬೆವರು ಕೂತಿತು. ಜನ ಗುಸುಗುಸು ಎಂದರು, ಯಾರೋ ನಕ್ಕರು. ಅಪ್ಪನ ಮುಂದೆ, ಇಷ್ಟು ಜನರ ಮುಂದೆ ಮತ್ತೆ ಅದೇ ಅವಮಾನ. ಸಾಕು, ನಾನೇ ಹೇಳಿ ಮುಗಿಸಿಬಿಡುತ್ತೇನೆ ಎಂದು ಹಲ್ಲು ಕಚ್ಚಿದಳು.

"ಪ್ಲೀಸ್ ಟೇಕ್ ದಿಸ್ ಗ್ರಾಸ್, ಬ್ರ..."

"ಅನ್ಬ್ಯಾಡ!"

ನಗುತ್ತಿದ್ದವರೂ ಇತ್ತ ತಿರುಗಿದರು.

"ಆ ಮಾತೊಂದು ಅನ್ಬ್ಯಾಡ ರತ್ನ," ಅವನ ದನಿ ತಗ್ಗಿತು. "ಬೇಕಾದ್ರೆ ಬೈಯಿ. ನಿನ್ನ ಬಾಯಲ್ಲಿ ಆ ಮಾತು ಬಂದ್ಬುಟ್ರೆ ನಾನೇನು ಮಾಡ್ಲಿ? ನಾನೂ ಅನ್ನಾಕಿಲ್ಲ. ನಿನ್ನ ತಂಗಿ ಅಂತ ಹೆಂಗನ್ನಲಿ?"

ಮುನಿರತ್ನಳಿಗೆ ಅಜ್ಜಿಯ ಏಟು ನೆನಪಾಯಿತು. ಚಿಕ್ಕವಳಿದ್ದಾಗ ಸೋದರಮಾವನ ಮಗನನ್ನು ಮರೆತು ಅಣ್ಣ ಎಂದಿದ್ದಕ್ಕೆ ಅಜ್ಜಿ ತುಟಿಯ ಮೇಲೆ ಫಟ್ಟನೆ ಬಾರಿಸಿದ್ದಳು. "ಮದುವೆಗೆ ಆಗೋನ್ನ ಅಣ್ಣ ಅಂತೀಯಾ? ಸಂಬಂಧದ ವರಸೆ ಕೆಡ್ತದೆ." ಅವರ ಕಡೆಯ ಮಕ್ಕಳಿಗೆಲ್ಲ ಅದು ನಡೆ ಕಲಿಯುವ ಮೊದಲೇ ಕಲಿಸುವ ಪಾಠ. ಒಮ್ಮೆ ಅಣ್ಣ ಎಂದರೆ ಅಣ್ಣನೇ. ಇಂಗ್ಲಿಷಿನಲ್ಲಿ ಎಂದರೂ ಅಷ್ಟೇ ಎಂದು ಈ ಹುಡುಗ ನಂಬಿದ್ದ. ಅವಳು ಬಸ್ಸಿನಲ್ಲಿ ಟವಲಿನ ಮೇಲೆ ಕೂತ ಆ ಬೆಳಗಿನಿಂದಲೇ ಅವಳನ್ನು ಮದುವೆಗೆ ಆಗುವವಳು ಅಂದುಕೊಂಡಿದ್ದ.

ಕೆಮ್ಮಿದ್ದು ಅದಕ್ಕೆ. ಬೇಡದ ಮೊಳೆ ಹೊಡೆದದ್ದು ಅದಕ್ಕೆ. ದೇವರೇ, ನಾನು ಇದನ್ನು ದ್ವೇಷ ಅಂದುಕೊಂಡೆನಲ್ಲ...

ಕಣ್ಣು ತುಂಬಿ ಪೈರೆಲ್ಲ ಮಸುಕಾಯಿತು.

ಫಿಲೋಮಿನಾ ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ವರ್ಷ ಪಾಠ ಹೇಳಿಯೂ ಈ ತಾಪತ್ರಯ ಅವರ ತಲೆಗೆ ಹೊಳೆದಿರಲಿಲ್ಲ. "ಸರಿ ಕಣ್ಣು," ಎಂದರು ಮೆಲ್ಲಗೆ. "ಆ ಮಾತು ಬಿಟ್ಟು ಹೇಳು. ಆದ್ರೆ ಇಂಗ್ಲಿಷಲ್ಲೇ ಹೇಳ್ಬೇಕು."

"ಪ್ಲೀಸ್ ಗಿವ್ ಮಿ ದಿ ಗ್ರಾಸ್... ರತ್ನ."

ಅವಳು ಕೊಟ್ಟಳು. ಅವನು ಗೋದಲಿಯ ಮುಂದಿಟ್ಟ. ಆಗ ಎಲ್ಲರೂ ಚಪ್ಪಾಳೆ ತಟ್ಟಿದರು, ಒಬ್ಬನನ್ನು ಬಿಟ್ಟು.

ಚಿನ್ನಪ್ಪ ಎದ್ದು ಬರುತ್ತಿದ್ದ.

"ಇಷ್ಟು ದಿನದಲ್ಲಿ ಇವನ್ನ ಏನಂತ ಕೂಗಿದ್ದೀಯಮ್ಮಿ?"

"ಏನೂ ಕೂಗಿಲ್ಲಪ್ಪ. ಕೂಗಾಕೆ ಬಿಟ್ಟಿಲ್ಲ."

"ನೀನೇನಂತೀಯ ಈಗ?"

ಅವಳು ತಲೆ ತಗ್ಗಿಸಲಿಲ್ಲ. "ನಾಡಿದ್ದು ಬರೋರಿಗೆ ಬ್ಯಾಡ ಅಂತ ಹೇಳಿ ಕಳಿಸಪ್ಪ. ಕಾರಣ ಕೇಳಿದ್ದೆಯಲ್ಲ, ನಿಂತೈತೆ ನೋಡು."

ಚಿನ್ನಪ್ಪ ರಾಮಾಂಜಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹುಡುಗನ ಕೈಗೆ ರಾಗಿ ತಟ್ಟೆಯ ಹಸಿ ಮಣ್ಣು ಮೆತ್ತಿತ್ತು. ಆಮೇಲೆ, ಹೆಣ್ಣು ಹೆತ್ತ ಅಪ್ಪಂದಿರು ಅವನ ಕಡೆಯಲ್ಲಿ ಎಲ್ಲಕ್ಕಿಂತ ಮೊದಲು ಕೇಳುವುದನ್ನು ಕೇಳಿದ.

"ನಿಮ್ಮ ಮನೆದೇವರು ಯಾರಪ್ಪ?"

ಒಂದೇ ಮನೆದೇವರಾದರೆ ಅಣ್ಣತಂಗಿಯ ಲೆಕ್ಕ, ಮದುವೆಯ ಮಾತೇ ಇಲ್ಲ. ಮುನಿರತ್ನಳ ಮನೆದೇವರು ಮುನೇಶ್ವರ.

"ಆಂಜನೇಯಸ್ವಾಮಿ," ಎಂದ ರಾಮಾಂಜಿ.

ಚಿನ್ನಪ್ಪ ಹೆಗಲ ಮೇಲಿನ ಟವಲು ಕೊಡವಿ ಮತ್ತೆ ಹಾಕಿಕೊಂಡ. "ಸಂಕ್ರಾಂತಿ ಆದ್ಮೇಲೆ ಹಿರೀಕರನ್ನ ಕರ್ಕೊಂಡು ಬಾ. ಜವಳಗಿರಿಯೋರಿಗೆ ನಾನು ಹೇಳ್ತೀನಿ." ಹೇಳಿ ಬಸ್ಸಿನ ಹೊತ್ತು ವಿಚಾರಿಸಲು ಗೇಟಿನತ್ತ ನಡೆದ. ಬೇಕಂತಲೇ ನಿಧಾನವಾಗಿ ನಡೆದ ಎಂದು ಭಾಗ್ಯ ಇವತ್ತಿಗೂ ಹೇಳುತ್ತಾಳೆ.

ಗೋದಲಿಯ ಬಳಿ ಇಬ್ಬರೇ ಉಳಿದರು, ನಡುವೆ ರಾಗಿ ಪೈರು.

"ಒಂದು ಮಾತು ಮೊದಲೇ ಹೇಳಿದ್ರೆ ಏನಾಗ್ತಿತ್ತು? ಎಷ್ಟು ಅತ್ತಿದ್ದೀನಿ ಗೊತ್ತಾ?"

"ನೀನು ಒಪ್ಪದೆ ಹೋದ್ರೆ? ಮಾತಾಡದೆ ಇದ್ರೆ ಸಂಬಂಧನಾದ್ರೂ ಕೆಡಾಕಿಲ್ಲ ಅಂದ್ಕಂಡೆ." ಅವನು ಕೈಯ ಮಣ್ಣು ಉಜ್ಜಿಕೊಂಡ. "ಮೊದಲನೇ ದಿನದ್ದು ಒಂದು ಬಾಕಿ ಐತೆ. ಈಗ ಕೇಳಲಾ?"

"ಕೇಳಿ."

"ಪ್ಲೀಸ್ ಗಿವ್ ಮಿ ದಿ ಗಮ್, ರತ್ನ."

ಅವಳು ಅಳುತ್ತಲೇ ನಕ್ಕಳು. "ಗೋಂದೆಲ್ಲ ಮುಗಿದೋಯ್ತು. ಮುಂದಿನ ಕ್ರಿಸ್ಮಸ್ಸಿಗೆ ನಮ್ಮನೆ ಒಲೇಲೇ ಕಾಸ್ಕೊಡ್ತೀನಿ."

"ಯಾರ ಮನೆ ಒಲೆ?"

"ನಮ್ದು," ಎಂದಳು ಮುನಿರತ್ನ. "ನಿಮ್ದು, ನಂದು."