ಮುಟ್ಟದೆ ಬಿಟ್ಟ ಪ್ರಬಂಧ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಇಬ್ಬರು ಹೆಂಗಸರು ಠಾಣೆಗೆ ಬಂದರು. ದೂರು ಕೊಡಬೇಕಾದವರು ನರವಿಜ್ಞಾನಿ. ನಿದ್ದೆಯಲ್ಲಿ ಇಲಿಗಳ ಮೆದುಳು ಏನು ಮಾಡುತ್ತದೆ ಎಂಬುದು ಅವರ ಸಂಶೋಧನೆ. ಜೊತೆಗಿದ್ದವರು ಅದೇ ಸಂಸ್ಥೆಯ ಗೆಳತಿ, ವಯಸ್ಸಿನಲ್ಲಿ ತುಸು ಹಿರಿಯರು; ವಿಜ್ಞಾನಿ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅಕ್ಕ ಕುರ್ಚಿ ಎಳೆದುಕೊಟ್ಟು, ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಅವರ ಕೈಗಿಟ್ಟರು. ಇನ್‌ಸ್ಪೆಕ್ಟರಮ್ಮನಿಗೆ ಅದು ಹಿತವೆನಿಸಿತು.

"ಏನು ಕಳುವಾಗಿದೆ?"

"ಕಳುವಾಗಿಲ್ಲ ಮೇಡಂ. ಯಾರೋ ತಂದು ಸುರೀತಿದಾರೆ."

ಒಬ್ಬರ ಪ್ರಬಂಧವನ್ನು ಬೇರೆ ವಿಜ್ಞಾನಿಗಳು ತಮ್ಮ ಪ್ರಬಂಧದಲ್ಲಿ ಉಲ್ಲೇಖಿಸಿದಾಗೆಲ್ಲ ಅವರ ಲೆಕ್ಕಕ್ಕೆ ಒಂದು ಸೇರುತ್ತದೆ. ಆ ಎಣಿಕೆಯ ಮೇಲೇ ಹೆಸರು, ಬಡ್ತಿ ಎಲ್ಲ. ಕೆಲವು ತಿಂಗಳಿಂದ ಯಾರೂ ಕೇಳರಿಯದ ಪತ್ರಿಕೆಗಳಲ್ಲಿ, ಇಲ್ಲದ ಲೇಖಕರ ಪೊಳ್ಳು ಪ್ರಬಂಧಗಳು ಬಂದು ಇವರ ಕೆಲಸವನ್ನು ನೂರಾರು ಸಲ ಉಲ್ಲೇಖಿಸಿದ್ದವು. ಅವನ್ನು ಕಳಿಸಿದ ಇಮೇಲ್ ವಿಳಾಸ ಇವರದೇ ಹೆಸರಿನಲ್ಲಿತ್ತು.

"ನಾನೇ ದುಡ್ಡು ಕೊಟ್ಟು ಬರೆಸಿಕೊಂಡೆ ಅಂತಾರೆ. ಶುಕ್ರವಾರ ವಿಚಾರಣಾ ಸಮಿತಿ ಕೂರುತ್ತೆ. ನಾನಲ್ಲ ಅಂತ ತೋರಿಸದಿದ್ರೆ ಲ್ಯಾಬ್ ಮುಚ್ಚಿ ನನ್ನನ್ನ ಮನೆಗೆ ಕಳಿಸ್ತಾರೆ."

"ಯಾರ ಮೇಲೆ ಅನುಮಾನ?"

"ಇವಳಿಗೆ ಅನುಮಾನ ಪಡೋದೇ ಬರಲ್ಲ," ಎಂದರು ಅಕ್ಕ. "ಹೊಟ್ಟೆಕಿಚ್ಚಿನೋರೇನು, ಸಂಸ್ಥೆ ತುಂಬ ಇದಾರೆ."

ಅವರು ಹೋದ ಮೇಲೆ ಹೆಡ್ ಕಾನ್‌ಸ್ಟೇಬಲ್ ತಲೆ ಕೆರೆದುಕೊಂಡರು. "ಜನ ನನ್ನ ಹೊಗಳಿಬಿಟ್ರು ಅಂತ ಅಳ್ತಾ ಬಂದೋರನ್ನ ಇವತ್ತೇ ನೋಡಿದ್ದು ಮೇಡಂ."

"ನಿಮ್ಮನ್ನ ಯಾರಾದ್ರೂ ಹೊಗಳಿದ್ರೆ ನಾನೂ ಅನುಮಾನ ಪಡ್ತೀನಿ. ಎಫ್‌ಐಆರ್ ಬರೀರಿ."

ನಕಲಿ ದಾಖಲೆ ಸೃಷ್ಟಿ, ಬೇರೊಬ್ಬರ ಹೆಸರಿನಲ್ಲಿ ವಂಚನೆ ಎಂದು ಪ್ರಕರಣ ದಾಖಲಾಯಿತು. ಮಂಗಳವಾರ ಸಂಸ್ಥೆಯಲ್ಲಿ ಪಂಚನಾಮೆ ನಡೆಸಿ ವಿಜ್ಞಾನಿಯ ಕಂಪ್ಯೂಟರ್ ವಶಕ್ಕೆ ತೆಗೆದುಕೊಂಡರು. ಅದರಲ್ಲಿ ಏನೂ ಇರಲಿಲ್ಲ. ಪಂಚನಾಮೆ ಬರೆಯುತ್ತ ನಿಂತೇ ಇದ್ದ ಹೆಡ್ ಕಾನ್‌ಸ್ಟೇಬಲ್ ಮೊಣಕಾಲು ಸವರಿಕೊಂಡದ್ದನ್ನು ಕಂಡು ಅಕ್ಕ ತಮ್ಮ ಕೋಣೆಯ ಕುರ್ಚಿಯನ್ನೇ ಹೊತ್ತು ತಂದರು.

ಬುಧವಾರ ಇಮೇಲ್ ಕಂಪನಿಯ ಉತ್ತರ ಬಂತು: ಆ ಖಾತೆ ತೆರೆದದ್ದು ಸಂಸ್ಥೆಯ ಇಂಟರ್ನೆಟ್‌ನಿಂದ. ಅದನ್ನು ಬಳಸುವವರು ಇನ್ನೂರು ಮಂದಿ. ಇನ್‌ಸ್ಪೆಕ್ಟರಮ್ಮ ಪೊಳ್ಳು ಪ್ರಬಂಧಗಳನ್ನೆಲ್ಲ ಮುದ್ರಿಸಿಕೊಂಡು, ಅವು ಉಲ್ಲೇಖಿಸಿದ್ದಕ್ಕೆಲ್ಲ ವಿಜ್ಞಾನಿಯ ಪ್ರಕಟಣೆಗಳ ಪಟ್ಟಿಯಲ್ಲಿ ಒಂದೊಂದೇ ಗುರುತು ಹಾಕುತ್ತ ಕೂತರು. ಸಂಜೆಯ ಹೊತ್ತಿಗೆ ಪಟ್ಟಿಯ ಎಲ್ಲ ಪ್ರಬಂಧಗಳ ಮುಂದೆಯೂ ಗುರುತು ಬಿದ್ದಿತ್ತು, ಒಂದರ ಹೊರತು. ಅದೂ ಎಲ್ಲಕ್ಕಿಂತ ಹೆಸರಾದದ್ದು. ಹೆಸರು ಕೆಡಿಸಲು ಹೊರಟವರು ಅದನ್ನೇ ಏಕೆ ಮುಟ್ಟಲಿಲ್ಲ?

ಅವರು ವಿಜ್ಞಾನಿಗೆ ಫೋನ್ ಮಾಡಿದರು.

"ಇಲಿ ನಿದ್ದೆಯಲ್ಲಿ ದಾರಿ ನೆನಪು ಮಾಡಿಕೊಳ್ಳೋ ಪ್ರಬಂಧ. ಯಾರು ಬರೆದದ್ದು?"

"ನಾನು, ಅಕ್ಕ. ಇಬ್ಬರೇ. ಮೂಲ ಯೋಚನೆ ಅಕ್ಕಂದೇ ಮೇಡಂ. ಎಲ್ಲಿ ಮಾತಾಡಿದ್ರೂ ನಾನು ಅದನ್ನ ಹೇಳ್ತೀನಿ."

ಫೋನಿಟ್ಟ ಇನ್‌ಸ್ಪೆಕ್ಟರಮ್ಮನಿಗೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿಕೊಟ್ಟ ಕೈ ನೆನಪಾಯಿತು. ತನ್ನ ಊಹೆ ಸುಳ್ಳಾಗಲಿ ಎಂದು ಅವರಿಗೆ ಅನ್ನಿಸಿತು.

ಸುಳ್ಳಾಗಲಿಲ್ಲ. ಗುರುವಾರ ಎರಡನೇ ಪಂಚನಾಮೆಯಲ್ಲಿ ಅಕ್ಕನ ಕಂಪ್ಯೂಟರಿನಲ್ಲಿ ಪೊಳ್ಳು ಪ್ರಬಂಧಗಳ ಕರಡುಗಳು ಸಿಕ್ಕವು.

"ಇವು ನಿಮ್ಮವಾ?"

"ನನ್ನ ಕೋಣೆಗೆ ಯಾರು ಬೇಕಾದ್ರೂ ಬರ್ತಾರೆ."

"ಅವರ ಕೆಲಸಕ್ಕೆಲ್ಲ ಮಸಿ ಬಳಿದು ಇದೊಂದನ್ನ ಯಾಕೆ ಬಿಟ್ರಿ?"

ಇನ್‌ಸ್ಪೆಕ್ಟರಮ್ಮ ಪ್ರಬಂಧದ ಪ್ರತಿಯನ್ನು ಮೇಜಿನ ಮೇಲಿಟ್ಟರು. ಅದರ ಮೂಲೆ ಮಡಿಚಿತ್ತು. ಅಕ್ಕನ ಬೆರಳು ತಾನಾಗಿ ಹೋಗಿ ಅದನ್ನು ನೇರ ಮಾಡಿತು.

"ಇದನ್ನ ಕೊಳೆ ಮಾಡೋಕೆ ಕೈ ಬರಲಿಲ್ಲ," ಎಂದರು. "ನನಗೆ ಅಂತ ಇರೋದು ಇದೊಂದೇ."

ಸಂಜೆ ಐದಕ್ಕೆ ಮಹಿಳಾ ಕಾನ್‌ಸ್ಟೇಬಲ್ ಸಮ್ಮುಖದಲ್ಲಿ ಅವರನ್ನು ಬಂಧಿಸಲಾಯಿತು. ಹೇಳಿಕೆ ಬರೆಸುವಾಗ ಅವರು ಅಳಲಿಲ್ಲ.

"ಅವಳು ನನ್ನ ಯೋಚನೆ ಕದ್ದಿದ್ರೆ ಜಗಳ ಆಡ್ತಿದ್ದೆ, ಸಮಾಧಾನ ಆಗ್ತಿತ್ತು. ಅವಳು ಕದಿಯಲ್ಲ. ತುಂಬಿದ ಸಭೇಲಿ 'ಇದು ನಮ್ಮಕ್ಕಂದು' ಅಂತ ನನ್ನ ಎಬ್ಬಿಸಿ ನಿಲ್ಲಿಸ್ತಾಳೆ. ಜನ ನನಗೊಂದು ಚಪ್ಪಾಳೆ ಹೊಡೆದು ಮತ್ತೆ ಅವಳ ಕಡೆ ತಿರುಗ್ತಾರೆ. ಅಷ್ಟು ಹೊತ್ತು ನಿಂತಿರ್ತೀನಲ್ಲ ಮೇಡಂ, ಆಗ ಹೊಟ್ಟೆ ಧಗಧಗ ಅನ್ನುತ್ತೆ."

ಶುಕ್ರವಾರ ತನಿಖಾ ವರದಿ ಓದಿದ ಸಮಿತಿ ವಿಜ್ಞಾನಿಯ ಮೇಲಿನ ಆರೋಪ ಕೈಬಿಟ್ಟಿತು. ಪೊಳ್ಳು ಉಲ್ಲೇಖಗಳನ್ನು ಎಣಿಕೆಯಿಂದ ಕಳೆಯಿತು. ಮಧ್ಯಾಹ್ನ ಅಕ್ಕನನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಮುಂಚೆ ವಿಜ್ಞಾನಿ ಠಾಣೆಯ ಬಾಗಿಲಿಗೆ ಬಂದು, ಹೆಡ್ ಕಾನ್‌ಸ್ಟೇಬಲ್ ಕೈಗೆ ಬಿಪಿ ಮಾತ್ರೆಯ ಹಾಳೆಯೊಂದನ್ನು ಕೊಟ್ಟರು. "ಊಟ ಆದಮೇಲೆ ಕೊಡಿ, ಖಾಲಿ ಹೊಟ್ಟೇಲಿ ಆಗಿಬರಲ್ಲ ಅವರಿಗೆ," ಎಂದಷ್ಟೇ ಹೇಳಿ, ಒಳಗೆ ಬಾರದೆ ಹೊರಟುಹೋದರು.

ಅಕ್ಕ ಮಾತ್ರೆ ನುಂಗಿದರು.

"ಸುಳ್ಳು ಉಲ್ಲೇಖ ಎಲ್ಲ ಕಳೆದ ಮೇಲೆ ಅವಳ ಎಣಿಕೆ ಎಷ್ಟಕ್ಕೆ ನಿಂತಿತು?"

"ಎರಡು ಸಾವಿರದ ಚಿಲ್ಲರೆ ಅಂದ್ರು," ಎಂದರು ಇನ್‌ಸ್ಪೆಕ್ಟರಮ್ಮ.

ಅಕ್ಕನ ತುಟಿ ಮೆಲ್ಲಗೆ ಅಲುಗಿತು. ಇಬ್ಬರೂ ಸೇರಿ ಬರೆದ ಪ್ರಬಂಧದ ಪಾಲನ್ನು ಅದರಿಂದ ಮನಸ್ಸಿನಲ್ಲೇ ಕಳೆಯುತ್ತಿದ್ದರು.

"ಅದನ್ನ ತೆಗೆದ್ರೂ ಅವಳೇ ಮುಂದೆ," ಎಂದು ಗೋಡೆಯ ಕಡೆ ತಿರುಗಿ ಕೂತರು.