ತುಲಾಭಾರದ ತೂಕ

"ಹದಿನೆಂಟ್ ಕೆ.ಜಿ. ಇತ್ ಡಾಕ್ಟ್ರೆ. ಹ್ವಾದ್ ವಾರ ಕುಂಭಾಶಿ ದೇವಸ್ಥಾನದಲ್ಲ್ ತುಲಾಭಾರ ಮಾಡದ್. ನಾನೇ ಕಂಡದ್!"

ಫಿಟ್ಸ್ ಬಂದು ಸೆಟೆದುಕೊಂಡಿದ್ದ ನಾಲ್ಕು ವರ್ಷದ ಮಗುವನ್ನು ಮಂಚದ ಮೇಲೆ ಮಲಗಿಸುತ್ತಲೇ ಅವನು ಹೇಳಿದ. ಹೆಸರು ರತನ್, ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವವನು. ಮಗು ಧನ್ವಿ, ಅವನ ಅಕ್ಕನ ಮಗಳು. ಕೆಲಸ ಬಿಟ್ಟು ಓಡಿಬಂದವನ ಅಂಗಿಯ ತುಂಬ ಮರದ ಹುಡಿ.

ಡ್ಯೂಟಿ ಡಾಕ್ಟರ್ ಶರಣ್ಯಾ ಬ್ರಹ್ಮಾವರದ ಆ ಸಣ್ಣ ಆಸ್ಪತ್ರೆಗೆ ಸೇರಿ ಒಂದು ತಿಂಗಳಾಗಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಇಂಥ ಹೊತ್ತಿನಲ್ಲಿ ಮಗುವನ್ನು ತೂಕದ ಮೆಷಿನ್ ಮೇಲೆ ನಿಲ್ಲಿಸಲಾದೀತೇ? ಉದ್ದ ನೋಡಿ ತೂಕ ಅಂದಾಜು ಮಾಡುವ ಬಣ್ಣದ ಟೇಪನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಹಿಡಿದಳು. ಟೇಪು ಹೇಳಿದ್ದು ಹದಿನಾಲ್ಕು.

ನಾಲ್ಕು ಕೆ.ಜಿ. ವ್ಯತ್ಯಾಸ... ತೂಕ ನೋಡಿಯೇ ಮದ್ದು ಕೊಡಬೇಕು. ಹೆಚ್ಚಾದರೆ ಉಸಿರಿಗೇ ತೊಂದರೆ. ಕಡಿಮೆಯಾದರೆ ಫಿಟ್ಸ್ ನಿಲ್ಲುವುದಿಲ್ಲ. ಮಗುವಿನ ತೆಳ್ಳಗಿನ ತೋಳನ್ನು ಒಮ್ಮೆ ಮುಟ್ಟಿ ನೋಡಿದಳು.

"ಸಿಸ್ಟರ್, ಹದಿನಾಲ್ಕಕ್ಕೇ ಮದ್ದು ತೆಗೀರಿ."

"ಹಂಗಾರೆ ನಾ ಹೇಳದ್ ಸುಳ್ಳಾ? ಮಗಿಗ್ ಎಂತಾರೂ ಆರೆ ದೊಡ್ಡ್ ಡಾಕ್ಟ್ರ ಹತ್ರ ಹೇಳ್ದೆ ಬಿಡೂದಿಲ್ಲೆ."

"ಹೇಳಿ. ಈಗ ಅದ್ರ ತಲೆ ಒಂದ್ ಬದಿಗೆ ಹಿಡ್ಕಣಿ."

ಹಿಡಿದುಕೊಂಡ. ಮದ್ದು ಕೊಟ್ಟ ಸ್ವಲ್ಪ ಹೊತ್ತಿನಲ್ಲಿ ಮಗುವಿನ ಮೈ ಸಡಿಲವಾಯಿತು, ಉಸಿರು ಸಲೀಸಾಯಿತು. ರತನ್‌ನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವುದನ್ನೂ ಮರೆತಿದ್ದ.

ಎಷ್ಟು ಪ್ರೀತಿ ಇವನಿಗೆ... ಶರಣ್ಯಾಳ ಮನಸ್ಸು ಅಲ್ಲೇ ಸೋತಿತು. ಸೋಲುವುದಾದರೆ ಬೈದವನಿಗೇ ಸೋಲಬೇಕೇ! ಮನಸ್ಸಿಗೆ ಬುದ್ಧಿ ಹೇಳುವವರು ಯಾರು?

ಮರುದಿನ ಧನ್ವಿಯನ್ನು ತೂಕಕ್ಕೆ ನಿಲ್ಲಿಸಿದರು. ಹದಿನಾಲ್ಕು ಕೆ.ಜಿ., ಮೇಲೆ ಇನ್ನೂರು ಗ್ರಾಂ. ಅದನ್ನು ನೋಡಿದ ರತನ್ ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದ. ಆಮೇಲೂ ಅಷ್ಟೇ, ಶರಣ್ಯಾ ವಾರ್ಡಿಗೆ ಬಂದರೆ ಅವನು ಎದ್ದು ಹೊರಗೆ.

'ಇನ್ನೂ ಸಿಟ್ಟು ಇಳಿದಿಲ್ಲ' ಅಂದುಕೊಂಡಳು. ಅವಳಿಗೆ ಊಟ ಸೇರಲಿಲ್ಲ.

ಮೂರನೇ ದಿನ ಅವನು ಹಿರಿಯ ವೈದ್ಯೆ ಡಾ. ಶ್ರೀಲತಾರ ಕೋಣೆಗೆ ಹೋದ. ಸ್ವಲ್ಪ ಹೊತ್ತಿಗೆ ಶರಣ್ಯಾಳಿಗೂ ಕರೆ ಬಂತು. ಸಿಟ್ಟಿಗೆ ಏನೋ ದೂರು ಹೇಳಿಯೇಬಿಟ್ಟ... ಕೆಲಸ ಹೋಯಿತು!

"ಇವರಿಗೆ ನಿಮ್ಮ ಎದುರಿಗೇ ಹೇಳಬೇಕಂತೆ," ಎಂದರು ಶ್ರೀಲತಾ.

ರತನ್ ನಿಂತೇ ಇದ್ದ. "ತಪ್ಪ್ ನಂದೇ. ಅಮ್ಮನ್ ಹತ್ರ ಕೇಂಡೆ. ದೇವ್ರಿಗ್ ಕೊಡೂದ್ ಕಮ್ಮಿ ಆಗ್ಬಾರ್ದ್ ಅಂದೇಳಿ, ತಕ್ಕಡಿ ಸಮ ಆದ್ಮೇಲೂ ಅಮ್ಮನೇ ಅಕ್ಕಿ ಹಾಕಿತಂಬ್ರ್. ನಾನ್ ಅಕ್ಕಿ ತೂಕನ್ನೇ ಮಗಿನ್ ತೂಕ ಅಂದ್ಕಂಡೆ. ಇವ್ರ್ ನನ್ ಮಾತ್ ಕೇಂಡಿದ್ರೆ..."

ಶರಣ್ಯಾಳ ಕಣ್ಣು ತುಂಬಿತು. ತಪ್ಪನ್ನು ಹೀಗೆ ಎದುರು ನಿಂತು ಒಪ್ಪಿಕೊಳ್ಳುವ ಗಂಡಸನ್ನು ಅವಳು ನೋಡಿದ್ದು ಇದೇ ಮೊದಲು.

ಹೊರಗೆ ಬಂದ ಮೇಲೆ ಕೇಳಿದಳು, "ಮತ್ತೆ ನನ್ ಕಂಡ್ರೆ ಎದ್ ಹ್ವಾದದ್ ಎಂತಕ್ಕೆ?"

"ನಾಚ್ಕೆ ಆಯ್ತ್. ಯಾವ್ ಮೋರೆ ಹೊತ್ಕಂಡ್ ಕೂಕಣ್ಲಿ?"

ಅವಳಿಗೆ ನಗು ಬಂತು. ಅವನು ಹೋಗಲಿಲ್ಲ, ಅಲ್ಲೇ ಗೋಡೆಗೆ ಆನಿಕೊಂಡ.

"ಇವತ್ ಮಗಿನ್ ಮನಿಗ್ ಕರ್ಕಂಡ್ ಹೋತೆ. ನಾಳೆ ನಾ ಬಂದ್ರೆ ಆತ್ತಾ?"

"ನಾಳೆ ಯಾರಿಗ್ ಹುಷಾರಿಲ್ಲೆ?"

"ಎಲ್ಲರೂ ಹುಷಾರಿದ್ದೊ. ನಿಮ್ಮನ್ ಕಾಂಬುಕೆ."

ಶರಣ್ಯಾ ಆಚೀಚೆ ನೋಡಿದಳು. ಯಾರೂ ಇರಲಿಲ್ಲ.

"ಐದ್ ಗಂಟಿಗ್ ಡ್ಯೂಟಿ ಮುಗೀತ್ತ್. ಗೇಟಿನ್ ಹತ್ರ ನಿಂತ್ಕಣಿ," ಎಂದು ದನಿ ತಗ್ಗಿಸಿದಳು, "ನಂಗೂ ನಿಮ್ಮನ್ ಕಾಣ್ಬೇಕ್."